ಲಾರಿ ಹೋದ ಮೇಲೆ ಏನಾಗುತ್ತೆ? ಹಾಸನ–ಚಿಕ್ಕಮಗಳೂರು ಕಡೆ ಮಕ್ಕಳಿಗೆ ತೋರಿಸಬಹುದಾದ ಕಾರ್ಖಾನೆಗಳು

ಆಲೂರು ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ಆಲೂರು ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡ್ತೀನಿ. ಡಿಸೆಂಬರ್ ಹತ್ತಿರ ಬಂತು, ಪ್ರವಾಸದ ಮಾತು ಶುರುವಾಗಿದೆ. ಬೇಲೂರು, ಹಳೇಬೀಡು, ಶ್ರವಣಬೆಳಗೊಳ ನಮ್ಮ ಮಕ್ಕಳು ಪ್ರೈಮರಿಯಲ್ಲೇ ನೋಡಿ ಮುಗಿಸಿದ್ದಾರೆ. ಮೈಸೂರಿಗೆ ಹೋದರೆ ಅರಮನೆ, ಮೃಗಾಲಯ, ರಾತ್ರಿ ಬೃಂದಾವನ. ಅದೂ ಬೇಕು, ಬೇಡ ಅನ್ನಲ್ಲ. ಈ ಸಲ ಬೇರೆ ಏನಾದರೂ ಮಾಡೋಣ ಅನ್ನಿಸಿರೋದಕ್ಕೆ ಒಂದು ಕಾರಣ ಇದೆ.

ಹೋದ ತಿಂಗಳು ಒಂಬತ್ತನೇ ತರಗತಿಯಲ್ಲಿ ಕಾಫಿ ವಿಷಯ ಬಂತು. 34 ಮಕ್ಕಳಲ್ಲಿ ಮುಕ್ಕಾಲು ಪಾಲು ತೋಟದ ಮನೆಗಳ ಮಕ್ಕಳು. ಎಲೆ ನೋಡಿ ಅರೇಬಿಕಾ ಯಾವುದು, ರೋಬಸ್ಟಾ ಯಾವುದು ಹೇಳ್ತಾರೆ. ಹೂಮಳೆ ಅಂದ್ರೇನು, ಬೋರರ್ (ಕಾಂಡ ಕೊರೆಯೋ ಹುಳು) ಬಿದ್ದ ಗಿಡ ಹೇಗಿರುತ್ತೆ, ಎಲ್ಲ ಗೊತ್ತು. "ಹಣ್ಣು ಬಿಡಿಸಿದ ಮೇಲೆ?" ಅಂದೆ. "ಕಣದಲ್ಲಿ ಒಣಗಿಸ್ತಾರೆ ಸಾರ್, ಮೂಟೆ ಕಟ್ತಾರೆ, ಲಾರಿ ಬರುತ್ತೆ." ಆಮೇಲೆ? ಯಾರೂ ಮಾತಾಡಲಿಲ್ಲ. ಹಾಲಿನ ವಿಷಯ ಕೇಳಿದೆ. "ಡೇರಿಗೆ ಹಾಕ್ತೀವಿ, ಟ್ಯಾಂಕರ್ ಬರುತ್ತೆ." ಕಬ್ಬು? "ಲಾರಿ ಬರುತ್ತೆ." ಎಲ್ಲ ಕತೆಯೂ ಲಾರಿ ಬಂದಲ್ಲಿಗೆ ನಿಂತುಬಿಡುತ್ತೆ. ಅದೇ ಮಕ್ಕಳು ಸಂಜೆ ಅಂಗಡಿಯಿಂದ ಕಾಫಿಪುಡಿ, ಹಾಲಿನ ಪ್ಯಾಕೆಟ್, ಸಕ್ಕರೆ ತರ್ತಾರೆ. ಮೊದಲೂ ಗೊತ್ತು, ಕೊನೆಯೂ ಗೊತ್ತು, ನಡುವಿನದು ಗೊತ್ತಿಲ್ಲ. ನಿಜ ಹೇಳ್ತೀನಿ, ನನಗೂ ಪುಸ್ತಕದಲ್ಲಿ ಓದಿದಷ್ಟೇ ಗೊತ್ತಿರೋದು.

ಎರಡು ಮೂರು ಕಡೆ ಪತ್ರ ಬರೆದೆ. ಒಂದು ಕಡೆಯಿಂದ ಉತ್ತರವೇ ಇಲ್ಲ, ಇನ್ನೊಂದು ಕಡೆ ಸ್ಕೂಲ್ ಮಕ್ಕಳನ್ನ ಬಿಡಲ್ಲ ಅಂದರು. ಎಲ್ಲಿ ಬಿಡ್ತಾರೆ, ಹೋದರೆ ಏನನ್ನ ಗಮನಿಸಿ ನೋಡಬೇಕು, ಒಳಗೆ ಕೆಲಸ ಮಾಡೋರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಡೇರಿ ನಿವೃತ್ತ, ಹಾಸನ

ಮೇಷ್ಟ್ರೇ, ಹಾಲಿನಿಂದ ಶುರು ಮಾಡಿ. ನಾನು ಹಾಲು ಸಂಸ್ಕರಣೆಯಲ್ಲೇ ಮೂವತ್ತು ವರ್ಷ ಕಳೆದವನು. ನಮ್ಮ ಹಾಸನ ಹಾಲು ಒಕ್ಕೂಟಕ್ಕೆ ಹಾಸನ, ಚಿಕ್ಕಮಗಳೂರು, ಕೊಡಗು ಮೂರೂ ಜಿಲ್ಲೆಯ ಹಾಲು ಬರುತ್ತೆ. ಶಾಲೆಯ ಲೆಟರ್‌ಹೆಡ್‌ನಲ್ಲಿ ಮುಖ್ಯೋಪಾಧ್ಯಾಯರ ಸಹಿ ಹಾಕಿಸಿ, ಮಕ್ಕಳ ಸಂಖ್ಯೆ, ಬರುವ ದಿನ ಬರೆದು ಮುಂಚಿತವಾಗಿ ಕೊಡಿ. ನೇರ ಹೋಗಿ ಗೇಟಲ್ಲಿ ನಿಂತರೆ ಆಗಲ್ಲ. ನಿಮ್ಮೂರಿನ ಹಾಲು ಸಂಘದ ಸೆಕ್ರೆಟರಿಯನ್ನೂ ಜೊತೆಗೆ ಕರ್ಕೊಂಡು ಹೋಗಿ, ದಾರಿ ಸುಲಭ ಆಗುತ್ತೆ.

ಒಳಗೆ ಏನು ನೋಡಬೇಕು ಅಂದ್ರಲ್ಲ, ಬರೀತೀನಿ. ಸಾಮಾನ್ಯವಾಗಿ ಬಂದವರೆಲ್ಲ ಪ್ಯಾಕಿಂಗ್ ಮೆಷಿನ್ ಮುಂದೆ ನಿಂತುಬಿಡ್ತಾರೆ, ಪಟಪಟ ಅಂತ ಪ್ಯಾಕೆಟ್ ಬೀಳೋದು ಚೆಂದ ಕಾಣುತ್ತೆ. ನನಗೆ ಅದಕ್ಕಿಂತ ಮುಖ್ಯ ಅನ್ನಿಸೋದು ಟ್ಯಾಂಕರ್ ಬಂದು ನಿಲ್ಲೋ ಜಾಗ. ಅಲ್ಲಿ ಮೊದಲು ಸ್ಯಾಂಪಲ್ ತೆಗೀತಾರೆ. ವಾಸನೆ, ತಾಪಮಾನ, ಕೊಬ್ಬು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ), ಹುಳಿ. ಒಂದು ಟೆಸ್ಟ್‌ಟ್ಯೂಬಿಗೆ ಸ್ವಲ್ಪ ಹಾಲು ಹಾಕಿ ಕುದಿಸ್ತಾರೆ, ಒಡೆದರೆ ಅಷ್ಟೂ ಟ್ಯಾಂಕರ್ ಒಳಗೆ ಬರಲ್ಲ. ಮನೆಯಲ್ಲಿ ಅಮ್ಮ ಹಾಲು ಕಾಯಿಸುವಾಗ ಒಡೆಯಿತಾ ನೋಡ್ತಾಳಲ್ಲ, ಅದೇ ಪರೀಕ್ಷೆ ಸಾವಿರಾರು ಲೀಟರಿಗೆ.

ಆಮೇಲೆ ಪಾಶ್ಚರೀಕರಣ. 72 ಡಿಗ್ರಿಗೆ ಕಾಯಿಸಿ 15 ಸೆಕೆಂಡ್ ಹಿಡಿದು ತಕ್ಷಣ 4 ಡಿಗ್ರಿಗೆ ತಣಿಸೋದು. 15 ಸೆಕೆಂಡ್ ಹೇಗೆ ಅಳೀತಾರೆ ಅಂತ ಮಕ್ಕಳನ್ನ ಕೇಳಿ. ಗಡಿಯಾರ ಹಿಡಿದು ಯಾರೂ ನಿಂತಿರಲ್ಲ. ಉದ್ದದ ಒಂದು ಪೈಪ್ ಇರುತ್ತೆ, ಹಾಲು ಆ ತುದಿಯಿಂದ ಈ ತುದಿಗೆ ಬರೋಕೆ ಅಷ್ಟು ಹೊತ್ತು ಹಿಡಿಯೋ ಹಾಗೆ ಪೈಪಿನ ಉದ್ದವನ್ನೇ ಲೆಕ್ಕ ಹಾಕಿ ಇಟ್ಟಿರ್ತಾರೆ. ಅದರ ಕೊನೆಯಲ್ಲಿ ಒಂದು ಕವಾಟ. ಶಾಖ 72ಕ್ಕಿಂತ ಕೆಳಗೆ ಇಳಿದರೆ ಅದು ತಾನಾಗೇ ತಿರುಗಿ ಹಾಲನ್ನ ವಾಪಸ್ ಕಳಿಸುತ್ತೆ. ಮನುಷ್ಯ ಮರೆತರೂ ಕವಾಟ ಮರೆಯಲ್ಲ. ಇನ್ನೊಂದು, ಕಾಯಿಸೋಕೆ ಬೇಕಾದ ಶಾಖದ ಹೆಚ್ಚು ಪಾಲು ಬಾಯ್ಲರಿಂದ ಬರಲ್ಲ. ಕಾದು ಹೊರಟ ಹಾಲು ತೆಳುವಾದ ಸ್ಟೀಲ್ ತಗಡಿನ ಒಂದು ಪಕ್ಕ, ತಣ್ಣಗೆ ಒಳಬರೋ ಹಾಲು ಇನ್ನೊಂದು ಪಕ್ಕ. ಇದರ ಬಿಸಿ ಅದಕ್ಕೆ, ಅದರ ತಂಪು ಇದಕ್ಕೆ. ಎರಡೂ ಒಂದಕ್ಕೊಂದು ಬೆರೆಯೋದೇ ಇಲ್ಲ. ನಿಮ್ಮ ಉಷ್ಣ ಪಾಠವೆಲ್ಲ ಆ ತಗಡಿನಲ್ಲಿದೆ ಮೇಷ್ಟ್ರೇ.

ಹಾಲು ಸರಿಯಾಗಿ ಕಾದಿದೆಯೋ ಇಲ್ಲವೋ ಅಂತ ಕೊನೆಗೆ ಲ್ಯಾಬಿನಲ್ಲಿ ಫಾಸ್ಫಟೇಸ್ ಪರೀಕ್ಷೆ ಮಾಡ್ತಾರೆ. ಹಸಿ ಹಾಲಲ್ಲಿ ಇರೋ ಒಂದು ಕಿಣ್ವ ಅದು, ಈ ಶಾಖಕ್ಕೆ ನಾಶ ಆಗುತ್ತೆ. ಅದು ಉಳಿದಿದ್ದರೆ ಹಾಲು ಕಾದಿಲ್ಲ ಅಂತಲೇ ಅರ್ಥ.

ಎರಡು ಮಕ್ಕಳ ತಾಯಿ

ಸರ್, ಬಾಕ್ಸಿನಲ್ಲಿ ಬರೋ ಹಾಲು ತಿಂಗಳುಗಟ್ಟಲೆ ಹೊರಗಿಟ್ಟರೂ ಕೆಡಲ್ಲ. ಅದಕ್ಕೆ ಏನು ಕೆಮಿಕಲ್ ಹಾಕ್ತಾರೆ? ನಮ್ಮ ಅತ್ತೆ ಅದನ್ನ ಮಕ್ಕಳಿಗೆ ಕೊಡೋಕೇ ಬಿಡಲ್ಲ.

ಡೇರಿ ನಿವೃತ್ತ, ಹಾಸನ

ಏನೂ ಹಾಕಲ್ಲಮ್ಮ. ಅದನ್ನ 135–140 ಡಿಗ್ರಿಗೆ ಕೆಲವೇ ಸೆಕೆಂಡ್ ಕಾಯಿಸ್ತಾರೆ. ಒತ್ತಡದಲ್ಲಿ ಇರೋದ್ರಿಂದ ಕುದಿಯಲ್ಲ. ಕ್ರಿಮಿ ಅಷ್ಟೇ ಅಲ್ಲ, ಕ್ರಿಮಿಯ ಬೀಜಾಣುವೂ ಸಾಯುತ್ತೆ. ಆಮೇಲೆ ಮೊದಲೇ ಕ್ರಿಮಿರಹಿತ ಮಾಡಿದ ಡಬ್ಬಿಗೆ, ಹೊರಗಿನ ಗಾಳಿ ಸೋಕದ ಹಾಗೆ ತುಂಬ್ತಾರೆ. ಕೆಡಿಸೋದು ಒಳಗೇ ಇಲ್ಲ ಅಂದಮೇಲೆ ಕೆಡೋದು ಹೇಗೆ? ಡಬ್ಬಿ ಒಡೆದ ಮೇಲೆ ಮಾಮೂಲಿ ಹಾಲೇ, ಫ್ರಿಜ್ಜಲ್ಲಿ ಇಟ್ಟು ಎರಡು ದಿನದಲ್ಲಿ ಮುಗಿಸಿ. ಅತ್ತೆಯವರಿಗೆ ಹೀಗೆ ಹೇಳಿ: ನೀವು ಉಪ್ಪಿನಕಾಯಿ ಜಾಡಿಯನ್ನ ಬಿಸಿಲಿಗಿಟ್ಟು ಒಣಗಿಸಿ ತುಂಬ್ತೀರಲ್ಲ, ಆ ಎಚ್ಚರಿಕೆಯನ್ನೇ ಇವರು ಇನ್ನೂ ಬಿಗಿಯಾಗಿ ಮಾಡ್ತಾರೆ ಅಂತ.

ಮೂಡಿಗೆರೆ ಬೆಳೆಗಾರ

ಮೇಷ್ಟ್ರ ಮಾತು ಓದಿ ಸುಮ್ಮನೆ ಕೂತಿರೋಕಾಗಲಿಲ್ಲ. ಮಕ್ಕಳ ಮಾತು ಹಾಗಿರಲಿ, 52 ವರ್ಷ ಆಗೋವರೆಗೆ ನನಗೇ ನನ್ನ ಕಾಫಿ ಲಾರಿ ಹೋದ ಮೇಲೆ ಏನಾಗುತ್ತೆ ಗೊತ್ತಿರಲಿಲ್ಲ. ತಾತನ ಕಾಲದ ಹತ್ತೆಕರೆ ತೋಟ. ಅಪ್ಪನ ಕಾಲದಲ್ಲಿ ಬೆಳೆದ ಕಾಫಿಯನ್ನೆಲ್ಲ ಕಾಫಿ ಬೋರ್ಡಿನ ಪೂಲಿಗೆ (ಎಲ್ಲರ ಕಾಫಿಯನ್ನೂ ಒಟ್ಟುಗೂಡಿಸಿ ಬೋರ್ಡೇ ಮಾರೋ ವ್ಯವಸ್ಥೆ) ಕೊಡಬೇಕಿತ್ತು. ಕ್ಯೂರಿಂಗ್ ವರ್ಕ್ಸಿಗೆ, ಅಂದರೆ ಒಣಗಿದ ಕಾಫಿಯ ಸಿಪ್ಪೆ ಬಿಡಿಸಿ ಬೀಜ ವಿಂಗಡಿಸೋ ಕಾರ್ಖಾನೆಗೆ, ಹಾಕಿ ರಸೀದಿ ತಗೊಂಡರೆ ಮುಗೀತು, ದುಡ್ಡು ಕಂತು ಕಂತಾಗಿ ಬರ್ತಿತ್ತು. ತೊಂಬತ್ತರ ದಶಕದಲ್ಲಿ ಅದು ಸಡಿಲವಾಗ್ತಾ ಬಂದು 1996ಕ್ಕೆ ಪೂರ್ತಿ ಮುಕ್ತ ಮಾರಾಟ ಬಂತು. ಅಲ್ಲಿಂದ ನಾವೇ ವ್ಯಾಪಾರಿಯ ಹತ್ತಿರ ಮಾತಾಡಬೇಕು. ಮಾತಾಡೋಕೆ ಮುಖ್ಯವಾಗಿ ಬೇಕಾದ್ದು "ಓಟಿ" ಅನ್ನೋ ಎರಡಕ್ಷರ, ಅಂದರೆ ಔಟ್‌ಟರ್ನ್.

ಬೆಳೆಗಾರರಲ್ಲದವರಿಗೆ ಹೇಳ್ತೀನಿ. 50 ಕೆಜಿ ಮೂಟೆ ರೋಬಸ್ಟಾ ಚೆರ್ರಿ (ಇಡಿಯಾಗಿ ಒಣಗಿಸಿದ ಹಣ್ಣು) ಕೊಟ್ಟರೆ, ಸಿಪ್ಪೆ ಬಿಡಿಸಿದ ಮೇಲೆ ಸಿಗೋ ಶುದ್ಧ ಬೀಜ ಎಷ್ಟು ಕೆಜಿ ಅನ್ನೋದೇ ಓಟಿ. 26 ಬರಬಹುದು, 28 ಬರಬಹುದು. ಬೀಜಕ್ಕೆ ಕಿಲೋಗೆ 200 ರೂಪಾಯಿ ಅಂತ ಇಟ್ಕೊಳ್ಳಿ. 26 ಬಂದರೆ ಮೂಟೆಗೆ 5200, 28 ಬಂದರೆ 5600. ನೂರು ಮೂಟೆ ಇದ್ದರೆ 40 ಸಾವಿರ ವ್ಯತ್ಯಾಸ. ಎಷ್ಟೋ ವರ್ಷ ನನಗೆ 26ರ ಆಸುಪಾಸೇ ಬರ್ತಿತ್ತು, ಪಕ್ಕದ ತೋಟಕ್ಕೆ 27 ದಾಟ್ತಿತ್ತು. ತಕ್ಕಡಿಯಲ್ಲಿ ಮೋಸ ಅಂತಲೇ ನಂಬಿದ್ದೆ. ಮನೆಯಲ್ಲಿ ಅದನ್ನೇ ಹೇಳಿಕೊಂಡು ಕೊರಗ್ತಿದ್ದೆ.

ಒಂದು ವರ್ಷ ಹಟ ಹಿಡಿದು ನನ್ನ ಮೂಟೆ ಜೊತೆಗೇ ಚಿಕ್ಕಮಗಳೂರಿನ ಒಂದು ಕ್ಯೂರಿಂಗ್ ವರ್ಕ್ಸಿಗೆ ಹೋದೆ. ಮೇಸ್ತ್ರಿ ಒಳ್ಳೆಯವರು, ಬಿಟ್ಟರು. ಸ್ಯಾಂಪಲ್ ಹಲ್ಲರಿನಲ್ಲಿ ನನ್ನ ಎದುರಿಗೇ ಬಿಡಿಸಿದರು, ತೂಗಿದರು. 26ರ ಮೇಲೆ ಚೂರು. ಆಮೇಲೆ ಅವರು ಅಂಗೈಯಲ್ಲಿ ಬೀಜ ಹರಡಿ ತೋರಿಸಿದರು. ಜೊಳ್ಳು, ಎಳೆಯ ಬೀಜ, ಮುದುಡಿದ ಬೀಜ. "ನೀವು ಒಂದೇ ಸಲಕ್ಕೆ ಗಿಡ ಸವರಿ ಬಿಡಿಸ್ತೀರಿ ಅಲ್ವಾ? ಹಸಿರು ಕಾಯಿಯೂ ಬಂದಿದೆ" ಅಂದರು. ನಿಜ, ಆಳು ಸಿಗೋ ದಿನ ನೋಡ್ಕೊಂಡು ಒಂದೇ ಸುತ್ತಿಗೆ ಎಳೆದುಬಿಡ್ತಿದ್ದೆ. ತಕ್ಕಡಿ ಸರಿಯಾಗೇ ಇತ್ತು, ತಪ್ಪು ನನ್ನ ತೋಟದಲ್ಲಿತ್ತು. ಮುಂದಿನ ವರ್ಷ ಎರಡು ಸುತ್ತು ಬಿಡಿಸಿದೆ, ಕಣದಲ್ಲಿ ನಾಲ್ಕು ದಿನ ಹೆಚ್ಚು ಒಣಗಿಸಿದೆ. 27.4 ಬಂತು. ಅದನ್ನ ಯಾವ ತರಬೇತಿಯಲ್ಲೂ ನನ್ನ ತಲೆಗೆ ಯಾರೂ ತುಂಬಿಸಿರಲಿಲ್ಲ. ಒಂದು ಮಧ್ಯಾಹ್ನ ಅಲ್ಲಿ ನಿಂತು ನೋಡಿದ್ದು ತುಂಬಿಸಿತು.

ಮಕ್ಕಳನ್ನ ಮೊದಲು ಚಿಕ್ಕಮಗಳೂರಿನ ಕಾಫಿ ಬೋರ್ಡಿನ ಕಾಫಿ ಮ್ಯೂಸಿಯಂಗೆ ಕರ್ಕೊಂಡು ಹೋಗಿ. ಗಿಡದಿಂದ ಲೋಟದವರೆಗಿನ ಹಂತಗಳ ಪರಿಚಯ ಅಲ್ಲಿ ಆಗುತ್ತೆ. ಸಮಯ ಇದ್ದರೆ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರಕ್ಕೂ ಅನುಮತಿ ಕೇಳಿ, 1925ರಲ್ಲಿ ಮೈಸೂರು ಸರ್ಕಾರ ಶುರು ಮಾಡಿದ್ದು. ಆದರೆ ಮ್ಯೂಸಿಯಂ ನೋಡಿ ವಾಪಸ್ ಬರಬೇಡಿ. ಯಂತ್ರ ಓಡ್ತಿರೋ ಜಾಗ ನೋಡಲೇಬೇಕು.

ಗಾರ್ಬ್ಲಿಂಗ್ ಟೇಬಲ್

ನಾನು ಕ್ಯೂರಿಂಗ್ ವರ್ಕ್ಸಲ್ಲಿ 19 ವರ್ಷದಿಂದ ಕೆಲಸ ಮಾಡ್ತಿದ್ದೀನಿ. ಮೊದಲು ಕೆಟ್ಟ ಬೀಜ ಹೆಕ್ಕೋ ಮೇಜಿನಲ್ಲಿ (ಅದನ್ನೇ ಗಾರ್ಬ್ಲಿಂಗ್ ಅನ್ನೋದು), ಈಗ ಗ್ರೇಡಿಂಗ್ ಕಡೆ. ಬೆಳೆಗಾರರು ಹೇಳಿದ್ದು ಓದಿ ಖುಷಿಯಾಯ್ತು, ತಕ್ಕಡಿ ಬಗ್ಗೆ ಬೈಸಿಕೊಂಡೇ ಅಭ್ಯಾಸ ನಮಗೆ.

ಸಾರ್, ಮಕ್ಕಳನ್ನ ಕರ್ಕೊಂಡು ಬರೋದಾದರೆ ಜನವರಿ ಕೊನೆಯಿಂದ ಮಾರ್ಚ್ ಒಳಗೆ ಬನ್ನಿ. ಈಗ ಬಂದರೆ ಖಾಲಿ ಗೋಡೌನ್ ನೋಡ್ಕೊಂಡು ಹೋಗಬೇಕಾಗುತ್ತೆ. ಸೀಸನ್ನಲ್ಲಿ ಲಾರಿ ಸಾಲು ರಸ್ತೆವರೆಗೆ ನಿಂತಿರುತ್ತೆ.

ಬಂದ ಮೂಟೆಯ ತೇವ ಅಳೆಯೋದು ಮೊದಲ ಕೆಲಸ. ಪಾರ್ಚ್‌ಮೆಂಟ್ (ತಿರುಳು ತೆಗೆದು, ಒಳಸಿಪ್ಪೆ ಸಮೇತ ಒಣಗಿಸಿದ ಬೀಜ) ಶೇ 10ರ ಸುತ್ತ ಇರಬೇಕು, ಚೆರ್ರಿ ಶೇ 11ರ ಸುತ್ತ. ಜಾಸ್ತಿ ಇದ್ದರೆ ಬೂಷ್ಟು ಹಿಡಿಯುತ್ತೆ. ಅನುಭವ ಇರೋರು ಕಚ್ಚಿ ನೋಡಿಯೇ ಹೇಳಿಬಿಡ್ತಾರೆ. ಆಮೇಲೆ ಕಲ್ಲು, ಕಡ್ಡಿ, ಮೊಳೆ ತೆಗೆಯೋ ಯಂತ್ರ. ಕಣದಿಂದ ಏನೇನು ಬರುತ್ತೆ ಅಂತ ಕೇಳಬೇಡಿ, ಒಂದ್ಸಲ ಕಾಲುಂಗುರ ಸಿಕ್ಕಿತ್ತು, ಯಾರದ್ದೋ ಏನೋ, ಮೂಟೆ ನಂಬರ್ ನೋಡಿ ಆ ತೋಟಕ್ಕೇ ಕಳಿಸಿದೆವು. ಆಮೇಲೆ ಸಿಪ್ಪೆ ಬಿಡಿಸೋದು, ಪಾಲಿಷ್, ಜರಡಿ.

ಜರಡಿ ಹತ್ತಿರ ಮಕ್ಕಳನ್ನ ಸ್ವಲ್ಪ ಹೊತ್ತು ನಿಲ್ಲಿಸಿ. ಜರಡಿ ನಂಬರ್ ಅಂದರೆ ಇಂಚಿನ 64ನೇ ಭಾಗದ ಲೆಕ್ಕ. 16ನೇ ನಂಬರ್ ತೂತು ಸರಿಯಾಗಿ ಕಾಲಿಂಚು. ಎಎ, ಎ, ಬಿ, ಸಿ ಅಂತ ಗ್ರೇಡ್ ಆಗೋದು ಗಾತ್ರದಿಂದ. ಗಾತ್ರ ಯಾಕೆ ಅಂತ ನಾನೂ ಮೊದಲು ಕೇಳಿದ್ದೆ. ದೊಡ್ಡದು ಚಿಕ್ಕದು ಬೆರೆಸಿ ಹುರಿದರೆ ಚಿಕ್ಕದು ಸೀದುಹೋಗುತ್ತೆ, ದೊಡ್ಡದು ಅರೆಬರೆ ಆಗುತ್ತೆ. ಮನೆಯಲ್ಲಿ ಕಡಲೆಬೀಜ ಹುರಿದವರಿಗೆ ಗೊತ್ತಿರೋದೇ. ಇನ್ನು ಪಿಬಿ ಅಂದರೆ ಪೀಬೆರಿ, ಒಂದು ಹಣ್ಣಲ್ಲಿ ಎರಡು ಬೀಜ ಇರೋ ಬದಲು ಒಂದೇ ಬೆಳೆದಾಗ ದುಂಡಗೆ ಆಗುತ್ತೆ. ಮಕ್ಕಳಿಗೆ ಒಂದೊಂದು ಕೈಗೆ ಕೊಟ್ಟರೆ ಮರೆಯಲ್ಲ.

ಈಗ ಬಣ್ಣ ನೋಡಿ ಆರಿಸೋ ಯಂತ್ರ ಬಂದಿದೆ. ಬೀಜ ಬೀಳ್ತಾ ಇರುತ್ತೆ, ಕ್ಯಾಮೆರಾ ನೋಡುತ್ತೆ, ಕಪ್ಪು ಕಂಡರೆ ಪುಸ್ ಅಂತ ಗಾಳಿ ಹೊಡೆದು ಆಚೆ ತಳ್ಳುತ್ತೆ. ಕಣ್ಣು ಮಿಟುಕಿಸೋದ್ರೊಳಗೆ. ನಾನು ಸೇರಿದಾಗ ಆ ಕೆಲಸ ಮಾಡ್ತಿದ್ದದ್ದು ನಾವು ಹೆಂಗಸರು. ಉದ್ದ ಮೇಜು, ಎರಡೂ ಕಡೆ ಸಾಲಾಗಿ ಕೂತು, ಎರಡೂ ಕೈಯಲ್ಲಿ ಬಿಬಿಬಿ ಹೆಕ್ಕೋದು. ಬಿಬಿಬಿ ಅಂದರೆ ಬ್ಲ್ಯಾಕ್, ಬ್ರೌನ್, ಬಿಟ್ಸ್: ಕಪ್ಪು, ಕಂದು, ಚೂರು. ಬಾಯಲ್ಲಿ ಊರಿನ ಕತೆ, ಕೈ ತನ್ನ ಪಾಡಿಗೆ ತಾನು. ಯಂತ್ರ ಬಂದಮೇಲೆ ಸಾಲು ಚಿಕ್ಕದಾಯ್ತು. ಕೆಲವರು ತೋಟಕ್ಕೆ ವಾಪಸ್ ಹೋದರು, ಕೆಲವರು ಮನೆಯಲ್ಲಿದ್ದಾರೆ. ಆದರೂ ಒಳ್ಳೆ ಕಾಫಿಗೆ ಕೊನೆಗೊಂದು ಸಲ ಕೈ ಆಡಿಸಬೇಕು ಅಂತ ಈಗಲೂ ಒಂದು ಮೇಜು ಉಳಿದಿದೆ. ಅದನ್ನ ತೋರಿಸದೆ ಮಕ್ಕಳನ್ನ ಕರ್ಕೊಂಡು ಹೋಗಬೇಡಿ ಸಾರ್.

ಎರಡು ಮಕ್ಕಳ ತಾಯಿ

ಪುಡಿ ಅಂಗಡಿಯ ಒಳಗೂ ತೋರಿಸಬಹುದಲ್ವಾ? ನಾನು ಚಿಕ್ಕವಳಿದ್ದಾಗ ಚಿಕ್ಕಮಗಳೂರಿನ ಅಂಗಡಿಯಲ್ಲಿ ಅಪ್ಪ "ಎಂಬತ್ತು ಇಪ್ಪತ್ತು ಹಾಕಿ" ಅಂತಿದ್ದರು. ಆ ಇಪ್ಪತ್ತು ಚಿಕೋರಿ ಅಂತ ಗೊತ್ತಾಗಿದ್ದೇ ಮದುವೆ ಆದಮೇಲೆ.

ಮೂಡಿಗೆರೆ ಬೆಳೆಗಾರ

ಖಂಡಿತ ತೋರಿಸಬಹುದು, ಚಿಕ್ಕ ಜಾಗವಾದ್ದರಿಂದ ಐದೈದು ಮಕ್ಕಳು ಹೋಗಬೇಕು ಅಷ್ಟೆ. ಚಿಕೋರಿ ಒಂದು ಬೇರು, ಗುಜರಾತ್, ಉತ್ತರ ಪ್ರದೇಶದ ಕಡೆ ಬೆಳೀತಾರೆ, ನಮ್ಮ ಕಡೆ ಅಲ್ಲ. ಕಾಫಿ–ಚಿಕೋರಿ ಮಿಶ್ರಣದಲ್ಲಿ ಕಾಫಿ ಕನಿಷ್ಠ ಶೇ 51 ಇರಲೇಬೇಕು, ಎಷ್ಟೆಷ್ಟು ಅಂತ ಪ್ಯಾಕೆಟ್ ಮೇಲೆ ಬರೆಯಲೇಬೇಕು, ಅದು ಕಾನೂನು. ಹುರಿಯುವಾಗ ಬೀಜದ ತೂಕ ಸುಮಾರು ಆರನೇ ಒಂದು ಭಾಗ ಇಳಿದುಹೋಗುತ್ತೆ. ಮಕ್ಕಳ ಕೈಲೇ ಹುರಿಯೋ ಮುಂಚೆ, ಹುರಿದ ಮೇಲೆ ತೂಕ ಮಾಡಿಸಿ.

ಹೊಳೆನರಸೀಪುರದವ

ಕಾರ್ಖಾನೆ ಅಂದ್ರೆ ಗೇಟು, ಸೆಕ್ಯುರಿಟಿ ಇರೋದೇ ಆಗಬೇಕಾ ಮೇಷ್ಟ್ರೇ? ನಮ್ಮ ಆಲೆಮನೆಗೆ ಬನ್ನಿ. ಪತ್ರ ಬೇಡ, ಒಂದು ಫೋನ್ ಸಾಕು.

ಚನ್ನರಾಯಪಟ್ಟಣದ ಹತ್ತಿರ ಶ್ರೀನಿವಾಸಪುರದಲ್ಲಿ ಹೇಮಾವತಿ ಸಕ್ಕರೆ ಕಾರ್ಖಾನೆ ಇದೆ, ಅನುಮತಿ ಸಿಕ್ಕರೆ ಅದನ್ನೂ ನೋಡಲಿ. ಆದರೆ ಅಲ್ಲಿ ರಸ ಪೈಪಿನೊಳಗೆ ಹೋಗಿದ್ದು ಸಕ್ಕರೆಯಾಗಿ ಹೊರಗೆ ಬರುತ್ತೆ, ನಡುವಿನದು ಕಣ್ಣಿಗೆ ಬೀಳಲ್ಲ. ನೀವು ಕೇಳ್ತಿರೋದೇ ನಡುವಿನದು. ಆಲೆಮನೆಯಲ್ಲಿ ಎಲ್ಲ ಬಯಲು. ಗಾಣ, ರಸದ ತೊಟ್ಟಿ, ಕೊಪ್ಪರಿಗೆ, ಅಚ್ಚು, ಒಂದೇ ಸೂರಿನ ಕೆಳಗೆ ಹತ್ತು ಹೆಜ್ಜೆಯಲ್ಲಿ. ಉರಿಗೆ ಹಾಕೋದು ಹಿಂದಿನ ಕಬ್ಬಿನ ಒಣಗಿದ ಸಿಪ್ಪೆಯನ್ನೇ. ನೂರು ಕೆಜಿ ಕಬ್ಬಿಗೆ ಹತ್ತು ಕೆಜಿ ಆಸುಪಾಸು ಬೆಲ್ಲ.

ರಸ ಕಾಯ್ತಾ ಬಂದಾಗ ಸುಣ್ಣದ ತಿಳಿ ಹಾಕ್ತೀವಿ. ಬೆಂಡೆ ಗಿಡ ಜಜ್ಜಿ ನೀರಲ್ಲಿ ಕಿವುಚಿದ ಲೋಳೆ ಹಾಕ್ತೀವಿ. ಅದು ಕೊಳೆಯನ್ನೆಲ್ಲ ಹಿಡಿದುಕೊಂಡು ಮೇಲೆ ತೇಲುತ್ತೆ, ಆ ಮಡ್ಡಿಯನ್ನ ಜಾಲರಿಯಲ್ಲಿ ತೆಗೀತಾ ಇರಬೇಕು. ಉಕ್ಕಿ ಬಂದರೆ ಚೂರು ಹರಳೆಣ್ಣೆ, ತಕ್ಷಣ ಇಳಿಯುತ್ತೆ. ಪಾಕ ಬಂತಾ ನೋಡೋಕೆ ನನ್ನ ತಂದೆ ತಣ್ಣೀರಿನ ಬಟ್ಟಲಿಗೆ ಒಂದು ಹನಿ ಬಿಟ್ಟು ಬೆರಳಲ್ಲಿ ಉರುಟಿ ನೋಡ್ತಿದ್ದರು. ನಾನೂ ಅದನ್ನೇ ಮಾಡೋದು. ಅರ್ಧ ನಿಮಿಷ ತಡವಾದರೆ ಬೆಲ್ಲ ಕಲ್ಲು, ಬೇಗ ಇಳಿಸಿದರೆ ಮೆತ್ತಗೆ ಅಂಟು.

ಒಂದು ವಿಷಯ ಮಕ್ಕಳಿಗೆ ಹೇಳಲೇಬೇಕು. ಕೆಮಿಕಲ್ ಇಲ್ಲದ ಬೆಲ್ಲ ಕಂದು, ಕೆಲವು ಸಲ ಕಪ್ಪಿಗೇ ಹತ್ತಿರ. ಅಂಗಡಿಯಲ್ಲಿ ಹಳದಿಯಾಗಿ ಹೊಳೆಯೋ ಬೆಲ್ಲಕ್ಕೆ ಹೆಚ್ಚಾಗಿ ಹೈಡ್ರೋಸ್ ಹಾಕಿರ್ತಾರೆ, ಬಟ್ಟೆ ಬಣ್ಣದ ಕೆಲಸಕ್ಕೆ ಬಳಸೋ ಪುಡಿ ಅದು. ನಾನೂ ಮೂರು ವರ್ಷ ಹಾಕಿದೀನಿ, ಇಲ್ಲದಿದ್ದರೆ ಮಂಡಿಯಲ್ಲಿ ಕ್ವಿಂಟಾಲಿಗೆ ರೇಟು ಕಡಿಮೆ ಹೇಳ್ತಿದ್ದರು. ನಿಲ್ಲಿಸಿದ ವರ್ಷ ನಷ್ಟವೂ ಆಯ್ತು. ಈಗ ಹಾಸನದಿಂದಲೇ ಹುಡುಕಿಕೊಂಡು ಬಂದು ಕಂದು ಬೆಲ್ಲ ಒಯ್ಯೋರು ಇದ್ದಾರೆ. ಕೊಳ್ಳೋರ ಕಣ್ಣಿಗೆ ಬಣ್ಣ ಬೇಕು ಅನ್ನೋವರೆಗೆ ಮಾಡೋರ ಕೈ ಕಟ್ಟಿಹಾಕೋದು ಕಷ್ಟ.

ಕೊಪ್ಪದ ಕಡೆಯವಳು

ನಮ್ಮ ಕಡೆ ಅಡಿಕೆ ಬಿಟ್ಟರೆ ಹೇಗೆ? ಸುಲಿಯೋದು, ಚೊಗರಲ್ಲಿ (ಅಡಿಕೆ ಬೇಯಿಸಿದ ಕೆಂಪು ರಸ) ಬೇಯಿಸೋದು, ಅಟ್ಟಕ್ಕೆ ಹಾಕಿ ಒಣಗಿಸೋದು, ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ದರ್ಜೆ ದರ್ಜೆ ಬೇರೆ ಮಾಡೋದು. ಮನೆಯೇ ಕಾರ್ಖಾನೆ. ಮೊದಲು ರಾತ್ರಿ ಹನ್ನೆರಡರವರೆಗೆ ಮೆಟ್ಟುಗತ್ತಿ ಮುಂದೆ ಕೂತು ಸುಲೀತಿದ್ದರು, ಈಗ ಯಂತ್ರ. ಚೊಗರಿನ ಬಣ್ಣ ಹೋಗದ ಅಜ್ಜಿಯ ಬೆರಳು ನನಗಿನ್ನೂ ನೆನಪಿದೆ.

ಅರಸೀಕೆರೆ ತೆಂಗು

ಯಂತ್ರವೇ ಇಲ್ಲದ ಕಾರ್ಖಾನೆ ನಮ್ಮಲ್ಲಿದೆ. ಉಂಡೆ ಕೊಬ್ಬರಿ. ಬಲಿತ ಕಾಯಿ ಕಿತ್ತು, ಸಿಪ್ಪೆ ಸಮೇತ ಅಟ್ಟದ ಮೇಲೆ ಹಾಕಿಬಿಡೋದು. ಎಂಟು ತಿಂಗಳಿಂದ ಹನ್ನೊಂದು ತಿಂಗಳು ಮುಟ್ಟೋ ಹಾಗಿಲ್ಲ. ಒಳಗಿನ ನೀರು ನಿಧಾನಕ್ಕೆ ಆರಿ, ತಿರುಳು ಚಿಪ್ಪು ಬಿಟ್ಟುಕೊಳ್ಳುತ್ತೆ. ಅಲ್ಲಾಡಿಸಿದರೆ ಗಡಗಡ ಅಂದರೆ ಆಯ್ತು ಅಂತ. ಅವಸರ ಮಾಡಿ ಬಿಸಿಲಿಗೆ ಹಾಕಿದರೆ ಆ ಎಣ್ಣೆ, ಆ ಸಿಹಿ ಬರಲ್ಲ. ಮದುವೆ ತಟ್ಟೆಯಲ್ಲಿ ಇಡೋ ಒಂದು ಕೊಬ್ಬರಿ ಗಿಟುಕಿನ ಹಿಂದೆ ಮರದ ಮೇಲೆ ಒಂದು ವರ್ಷ, ಅಟ್ಟದ ಮೇಲೆ ಹತ್ತಿರ ಹತ್ತಿರ ಒಂದು ವರ್ಷ ಇರುತ್ತೆ.

ಲೈನ್ ನಂಬರ್ 7

ಎಲ್ಲರದ್ದೂ ಓದಿದೆ. ನಾನು ಹಾಸನದ ಕಡೆ ಒಂದು ಗಾರ್ಮೆಂಟ್ಸಿನಲ್ಲಿ ಟೈಲರ್, 11 ವರ್ಷ ಆಯ್ತು. ಬೇಜಾರು ಮಾಡ್ಕೊಬೇಡಿ, ನನ್ನ ಮಾತು ಸ್ವಲ್ಪ ಬೇರೆ ಇದೆ.

ನಮ್ಮಲ್ಲಿಗೂ ನೋಡೋಕೆ ಜನ ಬರ್ತಾರೆ. ಹೊರದೇಶದ ಬೈಯರ್, ಕಾಲೇಜು ಹುಡುಗರು. ಅವರು ಬರೋ ದಿನ ನೆಲ ಹೊಳೀತಿರುತ್ತೆ, ನೀರಿನ ಕ್ಯಾನ್ ತುಂಬಿರುತ್ತೆ. ತಲೆ ಎತ್ತಬೇಡಿ, ಮಾತಾಡಬೇಡಿ ಅಂತ ಸೂಪರ್‌ವೈಸರ್ ಮೊದಲೇ ಹೇಳಿರ್ತಾರೆ. ಬಂದವರು ಮೆಷಿನ್ ಫೋಟೋ ತೆಗೀತಾರೆ, ನಮ್ಮ ಬೆನ್ನ ಹಿಂದೆ ನಿಂತು "ಇದು ಕಾಲರ್ ಅಟ್ಯಾಚ್" ಅಂತ ಬೇರೆ ಯಾರೋ ವಿವರಿಸ್ತಾರೆ. ಹನ್ನೊಂದು ವರ್ಷದಿಂದ ಕಾಲರ್ ಹೊಲೀತಿರೋದು ನಾನು. ನನ್ನನ್ನ ಇದುವರೆಗೆ ಒಬ್ಬರೂ ಒಂದು ಪ್ರಶ್ನೆ ಕೇಳಿಲ್ಲ.

ಕೇಳಿದ್ದರೆ ಹೇಳ್ತಿದ್ದೆ. ಬಟ್ಟೆಯ ರೋಲಿಂದ ರೋಲಿಗೆ ಬಣ್ಣ ಕೂದಲೆಳೆಯಷ್ಟು ಬೇರೆ ಇರುತ್ತೆ. ಹತ್ತಾರು ಪದರ ಒಟ್ಟಿಗೆ ಕತ್ತರಿಸಿದ ಮೇಲೆ ಒಂದೊಂದು ತುಂಡಿಗೂ ನಂಬರ್ ಸ್ಟಿಕರ್ ಅಂಟಿಸ್ತಾರೆ. 23ನೇ ನಂಬರ್ ತೋಳು 23ನೇ ನಂಬರ್ ಬೆನ್ನಿಗೇ ಸೇರಬೇಕು. ತಪ್ಪಿದರೆ ಬಿಸಿಲಲ್ಲಿ ನಿಂತಾಗ ಒಂದು ತೋಳು ಬೇರೆ ಬಣ್ಣ ಕಾಣುತ್ತೆ. ಹೊಸ ಶರ್ಟಿನ ಒಳಗೆ ಕೆಲವು ಸಲ ಚಿಕ್ಕ ನಂಬರ್ ಚೀಟಿ ಉಳಿದಿರುತ್ತೆ ನೋಡಿ, ಅದು ಇದೇ. ಕತ್ತರಿಸೋ ಅಣ್ಣ ಕೈಗೆ ಸ್ಟೀಲ್ ಸರಪಳಿಯ ಗ್ಲೌಸ್ ಹಾಕಿರ್ತಾರೆ. ನನ್ನ ತಂಗಿ ಬೆಡ್‌ಶೀಟ್ ನೇಯೋ ಕಡೆ ಇದ್ದಾಳೆ. ಮಗ್ಗಕ್ಕೆ ಏರಿಸೋ ಮುಂಚೆ ಹಾಸಿನ ನೂಲಿಗೆ ಗಂಜಿ ಹಾಕ್ತಾರಂತೆ, ಇಲ್ಲದಿದ್ದರೆ ಆ ವೇಗಕ್ಕೆ ನೂಲು ತುಂಡಾಗುತ್ತೆ. ನೇಯ್ದ ಮೇಲೆ ಅದನ್ನ ತೊಳೆದು ತೆಗೆಯೋದು ಇನ್ನೊಂದು ಕೆಲಸ. ಮಗ್ಗದ ಸದ್ದಿಗೆ ಅವಳು ಮನೆಗೆ ಬಂದಮೇಲೂ ಜೋರಾಗೇ ಮಾತಾಡ್ತಾಳೆ.

ಮೇಷ್ಟ್ರೇ, ಎಲ್ಲಿಗಾದರೂ ಕರ್ಕೊಂಡು ಹೋಗಿ. ಆದರೆ ಮಕ್ಕಳಿಗೆ ಒಂದು ಮಾತು ಹೇಳಿ ಕಳಿಸಿ. ಫೋಟೋ ತೆಗೆಯೋ ಮುಂಚೆ ಕೇಳಲಿ. ಕೆಲಸ ಮಾಡ್ತಿರೋರನ್ನೇ ಒಂದು ಪ್ರಶ್ನೆ ಕೇಳಲಿ. ಟಾರ್ಗೆಟ್ ಇರೋ ಹೊತ್ತಲ್ಲಿ ಅಲ್ಲ, ಊಟದ ಬಿಡುವಿನಲ್ಲಿ.

ಗಾರ್ಬ್ಲಿಂಗ್ ಟೇಬಲ್

ಅಕ್ಕ, ನೂರಕ್ಕೆ ನೂರು ನಿಜ. ನಮ್ಮಲ್ಲಿ ಬಂದರೆ ನಾನೇ ನಿಲ್ಲಿಸಿ ಮಾತಾಡಿಸ್ತೀನಿ.

ಡೇರಿ ನಿವೃತ್ತ, ಹಾಸನ

ಒಂದು ಎಚ್ಚರಿಕೆ ಸೇರಿಸ್ತೀನಿ. ದುಪಟ್ಟಾ, ಸಡಿಲ ತೋಳು, ಬಿಚ್ಚಿದ ಜಡೆ, ಬಳೆ ಬೇಡ. ಚಪ್ಪಲಿ ಬದಲು ಶೂ. ತಿರುಗೋ ಬೆಲ್ಟಿನ ಹತ್ತಿರ ಕೈ ಚಾಚೋದು ಅಂತೂ ಬೇಡವೇ ಬೇಡ. 34 ಮಕ್ಕಳನ್ನ ಒಟ್ಟಿಗೆ ನುಗ್ಗಿಸಬೇಡಿ, ಎರಡು ಗುಂಪು ಮಾಡಿ, ಗುಂಪಿಗೆ ಇಬ್ಬರು ಶಿಕ್ಷಕರು ಇರಲಿ. ಆಲೆಮನೆಯಲ್ಲಿ ಕೊಪ್ಪರಿಗೆಯಿಂದ ದೂರ ಹಗ್ಗ ಕಟ್ಟಿಸಿ. ಕುದಿಯೋ ಪಾಕ ನೀರಿನ ಹಾಗಲ್ಲ, ಮೈಗೆ ಬಿದ್ದರೆ ಅಂಟಿಕೊಂಡೇ ಸುಡುತ್ತೆ.

ಆಲೂರು ಮೇಷ್ಟ್ರು

ಫೆಬ್ರವರಿ ಮುಗೀತಾ ಬಂತು, ಹೋಗಿ ಬಂದೆವು. ವರದಿ ಕೊಡಬೇಕಾದ್ದು ನನ್ನ ಕರ್ತವ್ಯ.

ಡಿಸೆಂಬರಲ್ಲಿ ಹಾಲಿನ ಘಟಕ. ಪಾಶ್ಚರೀಕರಣದ ಪೈಪಿನ ಉದ್ದ, ಹಾಲಿನ ವೇಗ ಕೇಳಿಕೊಂಡು ಮಕ್ಕಳು ಶಾಲೆಗೆ ಬಂದು ಲೆಕ್ಕ ಹಾಕಿದರು. 15 ಸೆಕೆಂಡಿಗೆ ಸ್ವಲ್ಪ ಹೆಚ್ಚೇ ಬಂತು. ಬೀಜಗಣಿತದಲ್ಲಿ ಬಾಯಿ ಬಿಡದ ಹುಡುಗನೊಬ್ಬ ಆ ಲೆಕ್ಕವನ್ನ ಬೋರ್ಡ್ ಮೇಲೆ ಬರೆದ. ಜನವರಿಯಲ್ಲಿ ಆಲೆಮನೆ. ಹಗ್ಗ ಕಟ್ಟಿಸಿದ್ದರು. ಬೆಂಡೆ ಲೋಳೆ ಹಾಕಿದ ಕೂಡಲೇ ಕಪ್ಪಗಿದ್ದ ರಸ ತಿಳಿಯಾಗಿದ್ದನ್ನ ನೋಡಿ ಮಕ್ಕಳಿಗಿಂತ ನನಗೇ ಹೆಚ್ಚು ಆಶ್ಚರ್ಯ ಆಯ್ತು. ಬಿಸಿ ಬೆಲ್ಲ, ಕಾಯಿತುರಿ ಎಲ್ಲರಿಗೂ ಬಾಳೆ ಎಲೆಯಲ್ಲಿ ಕೊಟ್ಟರು. ಆ ಮನೆಯವರ ಉಪಕಾರ ಮರೆಯಲ್ಲ.

ಹೋದ ಶುಕ್ರವಾರ ಚಿಕ್ಕಮಗಳೂರು. ಬೆಳಿಗ್ಗೆ ಮ್ಯೂಸಿಯಂ, ಮಧ್ಯಾಹ್ನ ಕ್ಯೂರಿಂಗ್ ವರ್ಕ್ಸ್. ಒಳಗೆ ಕಾಲಿಟ್ಟ ಕೂಡಲೇ ಧೂಳು, ಸದ್ದು, ಗೋಣಿಯ ವಾಸನೆ. ಮಕ್ಕಳು ಗಪ್‌ಚಿಪ್. ಜರಡಿ ಹತ್ತಿರ ಅಕ್ಕ ಪೀಬೆರಿ ಕೊಟ್ಟರು, ಎಲ್ಲರ ಕಂಪಾಸ್ ಬಾಕ್ಸಿನಲ್ಲೂ ಈಗ ಒಂದೊಂದಿದೆ. ಗೋಡೌನಿನಲ್ಲಿ ಮೂಟೆಗಳ ನಡುವೆ ಹೋಗ್ತಿದ್ದಾಗ ಒಬ್ಬ ಹುಡುಗ ನಿಂತುಬಿಟ್ಟ. ಅವನ ಅಪ್ಪ ಅಮ್ಮ ಇಬ್ಬರೂ ಬಾಳ್ಳುಪೇಟೆ ಹತ್ತಿರ ಒಂದು ತೋಟದಲ್ಲಿ ಕೂಲಿ. "ಸಾರ್, ಇದು ನಮ್ಮ ತೋಟದ ಮಾರ್ಕು" ಅಂದ. ಗೋಣಿಯ ಮೇಲೆ ಕಪ್ಪು ಮಸಿಯಲ್ಲಿ ಒತ್ತಿದ್ದ ಎರಡಕ್ಷರ, ಅದರ ಸುತ್ತ ಒಂದು ವೃತ್ತ. "ಈ ಮಸಿ ಒತ್ತೋ ತಗಡು ನಮ್ಮಪ್ಪನ ಹತ್ತಿರಾನೇ ಇರೋದು ಸಾರ್." ಆ ಮೂಟೆಯ ಮೇಲೆ ಕೈಯಿಟ್ಟು ನಿಂತ. ಮುಂದೆ ಹೋಗೋಣ ಅಂತ ಯಾರೂ ಅವಸರ ಮಾಡಲಿಲ್ಲ.

ಲೈನ್ ನಂಬರ್ 7 ಅಕ್ಕನವರೇ, ನಿಮ್ಮ ಮಾತನ್ನ ಬಸ್ಸಿನಲ್ಲೇ ಮಕ್ಕಳಿಗೆ ಓದಿ ಹೇಳಿದ್ದೆ. ಚಹಾ ಬಿಡುವಿನಲ್ಲಿ ಹೆಕ್ಕೋ ಮೇಜಿನ ಹತ್ತಿರ ಕೂತು ಒಬ್ಬೊಬ್ಬರೂ ಒಂದೊಂದು ಪ್ರಶ್ನೆ ಕೇಳಿದರು. ಕಣ್ಣು ನೋಯಲ್ವಾ? ಊಟಕ್ಕೆ ಎಷ್ಟು ಹೊತ್ತು ಬಿಡ್ತಾರೆ? ಯಂತ್ರ ಬಂದಾಗ ಹೆದರಿಕೆ ಆಯ್ತಾ? ನೀವು ಮನೆಯಲ್ಲಿ ಯಾವ ಕಾಫಿ ಕುಡೀತೀರಿ? ಒಬ್ಬ ಅಜ್ಜಿ ಹೇಳಿದರು, ಸೇರಿದ ಹೊಸದರಲ್ಲಿ ಕಣ್ಣು ಮುಚ್ಚಿದರೂ ಬೀಜವೇ ಕಾಣ್ತಿತ್ತಂತೆ, ಕೈ ನಿದ್ದೆಯಲ್ಲೂ ಹೆಕ್ತಿತ್ತಂತೆ. ಹುಡುಗಿಯರು ಅದನ್ನ ಅಕ್ಷರ ಅಕ್ಷರ ಬರ್ಕೊಂಡಿದ್ದಾರೆ.

ಉಳಿದ ಪ್ರಶ್ನೆ ಒಂದಿದೆ. ಹೋಮೊಜಿನೈಸ್ಡ್ ಅಂತ ಬರೆದ ಪ್ಯಾಕೆಟ್ ಹಾಲಿಗೆ ಕೆನೆ ಯಾಕೆ ದಪ್ಪ ಕಟ್ಟಲ್ಲ ಅಂತ ಒಬ್ಬಳು ಕೇಳಿದ್ದಾಳೆ.

ಡೇರಿ ನಿವೃತ್ತ, ಹಾಸನ

ಹಾಲನ್ನ ಭಾರೀ ಒತ್ತಡದಲ್ಲಿ ಕೂದಲೆಳೆಯಂಥ ಸಂದಿಯಿಂದ ನುಗ್ಗಿಸ್ತಾರೆ. ಕೊಬ್ಬಿನ ಹನಿಗಳು ಒಡೆದು ತೀರಾ ಸಣ್ಣಗಾಗಿ ಹಾಲಲ್ಲೇ ಚದುರಿ ನಿಂತುಬಿಡುತ್ತೆ, ಮೇಲೆ ಬಂದು ಸೇರೋಕೆ ಆಗಲ್ಲ. ಕೊಬ್ಬು ತೆಗೆದಿಲ್ಲ, ಒಳಗೇ ಇದೆ. ಆ ಹುಡುಗಿಗೆ ನನ್ನ ಶಹಭಾಷ್ ಹೇಳಿ.

ಲೈನ್ ನಂಬರ್ 7

ಮೇಷ್ಟ್ರೇ, ನಿಮ್ಮ ವರದಿಯನ್ನ ಊಟದ ಹೊತ್ತಲ್ಲಿ ನಮ್ಮ ಲೈನಿನವರಿಗೆ ಓದಿ ಹೇಳಿದೆ. ನನ್ನ ಮಗಳು ಎಂಟನೇ ಕ್ಲಾಸು. ಬೆಳಿಗ್ಗೆ ಏಳೂಕಾಲರ ಬಸ್ಸಿಗೆ ನಾನು ಹೋಗೋದು ನೋಡಿದ್ದಾಳೆ, ಸಂಜೆ ಬರೋದು ನೋಡಿದ್ದಾಳೆ. ನಾನು ಕಾಲರ್ ಹೊಲಿಯೋದನ್ನ ಒಂದು ದಿನವೂ ನೋಡಿಲ್ಲ. ನಮ್ಮ ಲೈನಿನ ಯಾರ ಮಕ್ಕಳೂ ನೋಡಿಲ್ಲ. ನಿನ್ನೆ ನಾವು ಒಂಬತ್ತು ಜನ ಸೇರಿ ಎಚ್‌ಆರ್ ಮೇಡಂ ಹತ್ತಿರ ಹೋಗಿ, ವರ್ಷಕ್ಕೆ ಒಂದು ಭಾನುವಾರ ನಮ್ಮ ಮಕ್ಕಳನ್ನ ಒಳಗೆ ಬಿಡಿ, ನಾವೇ ತೋರಿಸ್ತೀವಿ ಅಂತ ಕೇಳಿದೆವು. ಬರವಣಿಗೆಯಲ್ಲಿ ಕೊಡಿ ಅಂದಿದ್ದಾರೆ. ಅರ್ಜಿ ಹೇಗೆ ಬರೀಬೇಕು ಅಂತ ಇಲ್ಲಿ ಯಾರಾದರೂ ತಿದ್ದಿಕೊಡ್ತೀರಾ? ನಾಳೆ ಸಂಜೆ ಟೈಪ್ ಮಾಡಿ ಹಾಕ್ತೀನಿ.